ಬಾಯಿ ತುಂಬ ಎಲೆಯಡಿಕೆ

ಪಾಣೆಮಂಗಳೂರು
6 ನವೆಂಬರ್ 2023

ತಂಗಿ ಸ್ವರ್ಣಲತಾ,

ಇಲ್ಲಿ ನಾವೆಲ್ಲರೂ ಬದುಕಿದ್ದೇವೆ. ಕೆಲವರಿಗೆ ಹೊಲಿಗೆ ಬಿದ್ದಿದೆ, ಅದು ಬೇರೆ ಮಾತು.

ನಿನ್ನ ಮಗ ಶಿಶಿರ್ ಈಗ ನನ್ನ ಮನೆಯಲ್ಲಿದ್ದಾನೆ. ಮಸ್ಕತ್ತಿಗೆ ಈ ಸುದ್ದಿ ನಾಲ್ಕಾರು ಬಾಯಿ ದಾಟಿ ಬಂದು ಮುಟ್ಟಿರಬಹುದು, ಆದ್ದರಿಂದ ಸರಿಯಾದದ್ದನ್ನು ನಾನೇ ಬರೆಯುತ್ತೇನೆ. ಕಳೆದ ವಾರ ಬೆಳ್ತಂಗಡಿಗೆ ಹೋಗಿದ್ದೆ. ನಿನ್ನ ಗಂಡ ಜಯಪ್ರಕಾಶ್ ಹುಡುಗನನ್ನು ಕಿಟಕಿಯ ಸರಳಿಗೆ ಕಟ್ಟಿ ಹಾಕಿದ್ದ. ದನ ಕಟ್ಟುವ ಹಗ್ಗ. ಹುಡುಗ ತನ್ನ ಮುಂಗೈಯನ್ನೇ ಕಚ್ಚಿ ಕಚ್ಚಿ ಮಾಂಸ ಕಾಣುವ ಹಾಗೆ ಮಾಡಿಕೊಂಡಿದ್ದ.

"ಏನು ಭಾವ ಇದು?" ಅಂತ ಕೇಳಿದೆ.

"ನಾನು ರಬ್ಬರ್ ತೋಟಕ್ಕೆ ಹೋಗುವಾಗ ಮತ್ತೆಂತ ಮಾಡುವುದು? ಬಿಟ್ಟರೆ ಪಕ್ಕದ ಮನೆಯವರ ತಲೆ ಒಡೀತಾನೆ" ಅಂದ.

ನಾನು ಮುಷ್ಟಿ ಬಿಗಿದೆ. ಒಂದೇ ಗುದ್ದು. ಮೂಗಿನ ಎಲುಬು ಹಪ್ಪಳ ಮುರಿದ ಹಾಗೆ ಸದ್ದು ಮಾಡಿತು. ಅವನು ಅಂಗಳದಲ್ಲಿ ಕೂತು ರಕ್ತ ಒರೆಸಿಕೊಳ್ಳುವಷ್ಟರಲ್ಲಿ ನಾನು ಹಗ್ಗ ಕೊಯ್ದು, ಹುಡುಗನನ್ನು ಹೆಗಲ ಮೇಲೆ ಹಾಕಿಕೊಂಡು ಜೀಪು ಹತ್ತಿದೆ. ಹೆಗಲ ಮೇಲಿದ್ದುಕೊಂಡೇ ಅವನು ನನ್ನ ಕಿವಿ ಕಚ್ಚಿದ. ಹೊಲಿಗೆ ಅಂದೆನಲ್ಲ, ಅದು ನನ್ನ ಕಿವಿಗೆ. ಹನ್ನೊಂದು ವರ್ಷಕ್ಕೆ ಎಂಥ ಹಲ್ಲು ಮಾರಾಯ್ತಿ. ನಮ್ಮ ಕಡೆಯದ್ದೇ ಹಲ್ಲು, ಸಂಶಯ ಇಲ್ಲ.

ಫೋನು ಯಾಕೆ ಹತ್ತುವುದಿಲ್ಲ ಅಂತ ನೀನು ಚಿಂತೆ ಮಾಡುತ್ತಿರಬಹುದು. ಹುಡುಗ ಇಲ್ಲಿಗೆ ಬಂದ ದಿನವೇ ನೀನು ಫೋನು ಮಾಡಿದೆ. ನಿನ್ನ ದನಿ ಬಂತು, ನೀನು ಬರಲಿಲ್ಲ. ಅವನು ಫೋನನ್ನು ಅರೆಯುವ ಕಲ್ಲಿಗೆ ಜಜ್ಜಿ, ಒಡೆದು, ಒಳಗೆ ಬಗ್ಗಿ ನೋಡಿದ. ಆಮೇಲೆ ನಿನ್ನ ಅತ್ತಿಗೆ ವಾರಿಜಳ ಫೋನಿಗೂ ಅದೇ ಗತಿ. ಇನ್ನು ಈ ಮನೆಗೆ ಫೋನು ಬೇಡ. ನಾನು ಕಾಗದದಲ್ಲಿ ಬರೆಯುತ್ತೇನೆ, ಜೆರಾಕ್ಸ್ ಅಂಗಡಿಯ ಅಬ್ದುಲ್ ಶುಕೂರ್ ಫೋಟೋ ತೆಗೆದು ನಿನಗೆ ಕಳಿಸುತ್ತಾನೆ. ನೀನು ಬರೆದದ್ದನ್ನು ಪ್ರಿಂಟ್ ತೆಗೆದು ನನಗೆ ಕೊಡುತ್ತಾನೆ. ಅವನು ಎಲ್ಲವನ್ನೂ ಓದುತ್ತಾನೆ. ಶುಕೂರ್, ಇದನ್ನೂ ಓದಿದೆಯಲ್ಲ, ಮಾನ ಉಂಟಾ ನಿನಗೆ?

ಹುಡುಗ ಇಲ್ಲಿ ರಾಜ. ಕೋಳಿ ಕಾದಿಸುವ ಅಂಕದ ನನ್ನ ಗೆಳೆಯರೆಲ್ಲ ಅವನನ್ನು ನೋಡಲು ಬರುತ್ತಾರೆ. ಮೊನ್ನೆ ಒಬ್ಬನ ಹೊಟ್ಟೆಗೆ ತಲೆಯಿಂದ ಗುದ್ದಿದ, ಅವನು ಬಾವಿಕಟ್ಟೆಯವರೆಗೆ ಹೋಗಿ ಬಿದ್ದ. ನಾವು ನಕ್ಕು ನಕ್ಕು ಸತ್ತೆವು. ನಾನು ಭಲೇ ಅಂತ ಚಪ್ಪಾಳೆ ತಟ್ಟಿ ಅವನನ್ನು ಎತ್ತಿ ಕುಣಿಸಿದೆ. ಅಲ್ಲಿ ಕಟ್ಟಿ ಹಾಕುತ್ತಿದ್ದರು, ಇಲ್ಲಿ ಎತ್ತಿ ಕುಣಿಸುತ್ತಾರೆ. ವ್ಯತ್ಯಾಸ ನೀನೇ ನೋಡು.

ನೀನು ಹೇಳಿದ್ದೆಯಲ್ಲ, ಮೂಡುಬಿದಿರೆಯಲ್ಲಿ ಇಂಥ ಮಕ್ಕಳನ್ನು ನೋಡುವ ಮೇಡಂ ಒಬ್ಬರು ಇದ್ದಾರೆ ಅಂತ. ನೀನು ಹೇಳಿದ್ದಕ್ಕಾಗಿ ಕರೆದುಕೊಂಡು ಹೋಗುತ್ತೇನೆ. ನನಗೆ ಅವರ ಅಗತ್ಯ ಇಲ್ಲ.

ನಿನ್ನ ಅಣ್ಣ,
ಕಿವಿಗೆ ಹೊಲಿಗೆ ಬಿದ್ದ ಶೇಖರ

*

ಮಸ್ಕತ್
24 ನವೆಂಬರ್ 2023

ಶೇಖರಣ್ಣಾ,

ನಿಮ್ಮ ಕಾಗದ ಓದಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎರಡಕ್ಕೂ ಇಲ್ಲಿ ಜಾಗ ಇಲ್ಲ. ನಾನು ನೋಡಿಕೊಳ್ಳುವ ಅಜ್ಜಿಗೆ ಮರೆವು ಹೆಚ್ಚಾಗಿದೆ. ಸ್ನಾನ ಮಾಡಿಸುವಾಗ ನಾನು ಕಳ್ಳಿ ಅಂತ ಅವಳಿಗೆ ಅನಿಸುತ್ತದೆ, ಕೆನ್ನೆಗೆ ಹೊಡೆಯುತ್ತಾಳೆ. ಉಂಗುರ ಇರುವ ಕೈ. ನಾನು ಮುಖದಲ್ಲಿ ಏನೂ ತೋರಿಸದೆ ನೀರು ಹೊಯ್ಯುತ್ತೇನೆ. ತೋರಿಸಿದರೆ ಅವಳು ಇನ್ನೂ ಹೆದರುತ್ತಾಳೆ.

ನೀವು ಅವರ ಮೂಗು ಒಡೆದದ್ದರಿಂದ ಏನಾಯಿತು ಗೊತ್ತಾ? ಅವರು ಊರ ಹಿರಿಯರನ್ನು ಕೂರಿಸಿ ಮಾತಾಡಿಸಿದ್ದಾರೆ. ನನ್ನನ್ನೂ ಫೋನಿನಲ್ಲಿ ಸೇರಿಸಿಕೊಂಡರು. ಹುಡುಗ ಸದ್ಯಕ್ಕೆ ಮಾವನ ಮನೆಯಲ್ಲಿ ಇರಲಿ, ಆದರೆ ಅವನ ಕೈಯಿಂದ ಇನ್ನೊಮ್ಮೆ ಯಾರ ಮೈಯಲ್ಲಾದರೂ ರಕ್ತ ಬಂದರೆ ಘಾಟಿಯ ಬುಡದಲ್ಲಿ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಆ ಹೋಮಿಗೆ ಹಾಕುವುದು, ಆಗ ಯಾರೂ ಅಡ್ಡ ಬರಬಾರದು ಅಂತ. ನಾನು ಒಪ್ಪಿದೆ. ಒಪ್ಪದಿದ್ದರೆ ಅವತ್ತೇ ಬಂದು ಎತ್ತಿಕೊಂಡು ಹೋಗುತ್ತಿದ್ದರು.

ಆ ಹೋಮನ್ನು ನಾನು ನೋಡಿದ್ದೇನೆ ಅಣ್ಣ. ಇಲ್ಲಿಗೆ ಬರುವ ಮೊದಲು ಒಮ್ಮೆ ಹೋಗಿದ್ದೆ. ಹಳೆ ಸೀರೆಯನ್ನು ಪಟ್ಟಿ ಪಟ್ಟಿ ಹರಿದು ಮಕ್ಕಳ ಕಾಲನ್ನು ಮಂಚಕ್ಕೆ ಕಟ್ಟಿದ್ದರು. ಒಂದು ಮಗು ನನ್ನ ಸೆರಗು ಹಿಡಿದುಕೊಂಡಿತು. ಆಯಾ ಅದರ ಬೆರಳಿಗೆ ಸೌಟಿನಿಂದ ಹೊಡೆದು ಬಿಡಿಸಿದಳು.

ಇನ್ನೊಂದು ಮಾತು. ಶುಕೂರಣ್ಣ ಒಂದು ವಿಡಿಯೋ ಕಳಿಸಿದ್ದರು, ಶಿಶಿರ್ ನಿಮ್ಮ ಗೆಳೆಯನಿಗೆ ಗುದ್ದುವುದು. ಎಷ್ಟು ಸಲ ನೋಡಿದೆನೋ. ಗುದ್ದಿದ ಮೇಲೆ ಅವನು ಬಿದ್ದವನ ಕಡೆ ನೋಡುವುದೇ ಇಲ್ಲ. ತಿರುಗಿ ನಿಮ್ಮ ಮುಖ ನೋಡುತ್ತಾನೆ. ಯಾಕೆ ಅಣ್ಣ?

ಮೇಡಂ ಹತ್ತಿರ ಹೋಗಿ.

ನಿಮ್ಮ ತಂಗಿ,
ಸ್ವರ್ಣ

*

ಪಾಣೆಮಂಗಳೂರು
19 ಡಿಸೆಂಬರ್ 2023

ತಂಗಿ ಸ್ವರ್ಣ,

ಹೋಗಿ ಬಂದೆವು. ಹೋಮು ಗೀಮು ಅಂತ ನಿದ್ದೆ ಕೆಡಿಸಿಕೊಳ್ಳಬೇಡ. ಈ ಶೇಖರನ ಮನೆಯ ಮೆಟ್ಟಿಲು ಹತ್ತಿ ಹುಡುಗನನ್ನು ಒಯ್ಯುವ ಗಂಡಸು ಈ ತಾಲೂಕಿನಲ್ಲಿ ಇಲ್ಲ.

ಶರಣ್ಯಾ ಮೇಡಂ ಅಂದರೆ ನಾನು ದೊಡ್ಡ ಹೆಂಗಸು ಅಂತ ಗ್ರಹಿಸಿದ್ದೆ. ಸಣ್ಣ ಪ್ರಾಯ, ಗಾಳಿ ಬಂದರೆ ಹಾರಿಹೋಗುವ ಹಾಗಿದ್ದಾರೆ. ಮನಃಶಾಸ್ತ್ರ ಓದಿದ್ದಂತೆ. ನೆಲದ ಮೇಲೆ ಚಾಪೆ ಹಾಕಿ, ಮರದ ತುಂಡುಗಳನ್ನು ಹರಡಿ, ಶಿಶಿರನ ಜೊತೆ ಕೂತರು. ನನಗೆ ಮೂಲೆಯಲ್ಲಿ ಕುರ್ಚಿ. ಅವರು ಒಂದು ತುಂಡನ್ನು ಡಬ್ಬಿಗೆ ಹಾಕು ಅಂದರು. ಇವನು ಹಾಕಿದ. ಇನ್ನೊಂದು ಅಂದರು. ಇವನ ಕುತ್ತಿಗೆಯ ನರ ಎದ್ದಿತು. ನನಗೆ ಗೊತ್ತಾಯಿತು, ಹುಂಜ ಹಾರುವ ಮೊದಲು ಕುತ್ತಿಗೆಯ ಗರಿ ಎದ್ದ ಹಾಗೆ. ಹೇಳುವ ಮೊದಲೇ ಹಾರಿ ಅವರ ಜಡೆ ಹಿಡಿದು ಎಳೆದ. ಒಂದು ಹಿಡಿ ಕೂದಲು ಬೇರು ಸಮೇತ ಕೈಗೆ ಬಂತು. ರಕ್ತ ಬರಲಿಲ್ಲ, ನೆತ್ತಿ ಮಾತ್ರ ಕೆಂಪಗೆ ಕಾಣುತ್ತಿತ್ತು.

ಅವರು ಕಿರುಚಲಿಲ್ಲ ಸ್ವರ್ಣ. ಬೈಯಲೂ ಇಲ್ಲ. ಅವನ ಕೈಯನ್ನು ತನ್ನ ತಲೆಗೆ ಒತ್ತಿ ಹಿಡಿದು ಬಿಡಿಸಿಕೊಂಡರು. ಮುಖ ಸುಣ್ಣ ಬಳಿದ ಗೋಡೆಯ ಹಾಗೆ. ನಾನು ಮೂಲೆಯಲ್ಲಿ ತಡೆಯಲಾರದೆ "ಏ ಭಲೇ" ಅಂದುಬಿಟ್ಟೆ. ಹುಡುಗ ನನ್ನ ಕಡೆ ತಿರುಗಿ ಹಲ್ಲು ಬಿಟ್ಟ. ಮೇಡಂ ಕೂಡ ನನ್ನ ಕಡೆ ತಿರುಗಿದರು. ಅವರು ಹಲ್ಲು ಬಿಡಲಿಲ್ಲ.

"ಮನೆಯಲ್ಲಿ ಅವನು ಹೊಡೆದಾಗ ನೀವು ಏನು ಮಾಡ್ತೀರಿ?" ಅಂತ ಕೇಳಿದರು.

"ಶಿಸ್ತು ಕಲಿಸ್ತೇನೆ" ಅಂದೆ.

"ಹೇಗೆ?"

"ಅದು ನಮ್ಮ ಮನೆತನದ ಕ್ರಮ, ನಿಮಗೆ ಅರ್ಥ ಆಗ್ಲಿಕ್ಕಿಲ್ಲ."

"ಹಾಗಾದ್ರೆ ಬಂದು ನೋಡ್ತೇನೆ" ಅಂದರು. ಬರಲಿ. ನಿನ್ನ ಅತ್ತಿಗೆ ಕೋಳಿ ಸುಕ್ಕ ಮಾಡುತ್ತೇನೆ ಅಂದಳು, ಅವರು ತಿನ್ನುವ ಪೈಕಿ ಅಲ್ಲವಂತೆ. ಕೆಸುವಿನ ಎಲೆಯ ಪತ್ರೊಡೆ ಮಾಡುವ ಅಂತ ತೀರ್ಮಾನ ಆಯಿತು.

ನನ್ನ ಬಿಳಿ ಹುಂಜ ಬೊಳ್ಳೆಯ ಸುದ್ದಿ ಕೇಳು. ಕಳೆದ ಅಂಕದಲ್ಲಿ ಎದುರಿನ ಕೋಳಿಯ ಕರುಳನ್ನು ಒಂದೇ ನೆಗೆತಕ್ಕೆ ಹೊರಗೆ ತೆಗೆದ. ನನ್ನ ಸಾಕುವ ವಿದ್ಯೆ ಹಾಗೆ. ಮರಿಯಿರುವಾಗಲೇ ಕೈಯಿಂದ ಕೆಣಕಬೇಕು, ಎದೆಗೆ ತಿವಿಯಬೇಕು. ಹಾರಿ ಕುಕ್ಕಿದ ಕ್ಷಣವೇ ಎತ್ತಿಕೊಂಡು, ಬೆನ್ನು ಸವರಿ, ಒಳ್ಳೆ ಕಾಳು ಕೊಡಬೇಕು. ಸುಮ್ಮನೆ ನಿಂತರೆ ಏನೂ ಕೊಡಬಾರದು, ಅದರ ಕಡೆಗೆ ನೋಡಲೂ ಬಾರದು. ಹೀಗೆ ಮಾಡಿದರೆ ಎಂಥ ಹೇಡಿ ಕೋಳಿಯೂ ಕತ್ತಿ ಕಟ್ಟಿಸಿಕೊಳ್ಳಲು ತಾನೇ ಕಾಲು ಚಾಚುತ್ತದೆ. ಇದನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ.

ಅಣ್ಣ,
ಶೇಖರ

*

ಮೂಡುಬಿದಿರೆ
28 ಜನವರಿ 2024

ಶ್ರೀಮತಿ ಸ್ವರ್ಣಲತಾ ಅವರಿಗೆ,

ವಂದನೆಗಳು. ಫೋನಿನಲ್ಲಿ ಹೇಳಿದರೆ ಮರೆತುಹೋಗುತ್ತದೆ, ಬರೆದು ಕಳಿಸಿ ಎಂದಿರಿ. ಬರೆಯುತ್ತಿದ್ದೇನೆ.

ನಾನು ಪಾಣೆಮಂಗಳೂರಿನ ಮನೆಗೆ ಹೋಗಿ ಒಂದು ಇಡೀ ದಿನ ಜಗಲಿಯಲ್ಲಿ ಕುಳಿತು ನೋಡಿದೆ. ಶಿಶಿರ್ ಬೆಳಗ್ಗೆ ಚೆನ್ನಾಗಿದ್ದ. ಅಂಗಳದ ಕಲ್ಲುಗಳನ್ನು ಸಾಲಾಗಿ ಜೋಡಿಸಿದ. ಯಾರೂ ಅವನನ್ನು ನೋಡಲಿಲ್ಲ. ಅವನು ಒಂದು ಕಲ್ಲು ತಂದು ಮಾವನ ತೊಡೆಯ ಮೇಲಿಟ್ಟ. ಮಾವ ಅದನ್ನು ಪಕ್ಕಕ್ಕಿಟ್ಟು ಕೋಳಿಗೆ ನೀರು ಕೊಡಲು ಹೋದರು. ಆಗ ಅವನು ಮಾವನ ಬೆನ್ನಿಗೆ ಗುದ್ದಿದ. ಮಾವ ಕೂಡಲೇ ತಿರುಗಿ, ನಕ್ಕು, ಅವನನ್ನು ಎತ್ತಿ ಸುತ್ತಿಸಿದರು. ಅಕ್ಕಪಕ್ಕದವರು ಬಂದರು. ಮಧ್ಯಾಹ್ನದ ಹೊತ್ತಿಗೆ ಅತ್ತೆಯ ತುಟಿ ಊದಿಕೊಂಡಿತ್ತು.

ನಿಮ್ಮ ಅಣ್ಣ ಆ ಹುಡುಗನನ್ನು ತುಂಬಾ ಪ್ರೀತಿಸುತ್ತಾರೆ. ಇದನ್ನು ಮೊದಲು ಹೇಳಬೇಕು. ಆದರೆ ಆ ಪ್ರೀತಿಯನ್ನು ಪಡೆಯುವ ದಾರಿ ಹೊಡೆತ ಮಾತ್ರ ಎಂದು ಹುಡುಗ ಕಲಿತಿದ್ದಾನೆ. ತಂದೆಯ ಮನೆಯಲ್ಲಿ ಅವನು ತನ್ನಿಂದ ಆಗದ್ದನ್ನು ತಪ್ಪಿಸಿಕೊಳ್ಳಲು ಹೊಡೆಯುತ್ತಿದ್ದ. ಇಲ್ಲಿ ಅದರ ಜೊತೆಗೆ ಒಂದು ಮುಖಕ್ಕಾಗಿಯೂ ಹೊಡೆಯುತ್ತಾನೆ. ಆಟಿಸಂ ಇರುವ ಮಗು ಮುಖಗಳನ್ನು ನೋಡುವುದೇ ಇಲ್ಲ ಎಂದು ಜನ ಹೇಳುತ್ತಾರೆ. ಇವನು ಒಂದು ಮುಖವನ್ನು ಚೆನ್ನಾಗಿ ನೋಡುತ್ತಾನೆ.

ಅವನಿಗೆ ನಾನು ಒಂದು ಸನ್ನೆ ಕಲಿಸುತ್ತಿದ್ದೇನೆ. ಅಂಗೈಯನ್ನು ಎದೆಯ ಮೇಲಿಡುವುದು. ಅದರ ಅರ್ಥ 'ಸಾಕು'. ಅವನು ಹಾಗೆ ಮಾಡಿದ ಕ್ಷಣವೇ, ಒಂದು ಉಸಿರೂ ತಡವಿಲ್ಲದೆ, ಎದುರಿಗಿರುವವರು ಮಾಡುತ್ತಿರುವುದನ್ನು ನಿಲ್ಲಿಸಿ ಬಾಯಿ ತುಂಬ ನಗಬೇಕು. ಹೊಡೆದರೆ ಯಾರಿಗೂ ಪೆಟ್ಟಾಗದಂತೆ ತಡೆಯಬೇಕು, ಮುಖದಲ್ಲಿ ಏನೂ ಇರಬಾರದು. ನಗುವೂ ಬೇಡ, ಸಿಟ್ಟೂ ಬೇಡ.

ಒಂದು ಎಚ್ಚರಿಕೆ. ಇಷ್ಟು ದಿನ ಸಿಗುತ್ತಿದ್ದ ನಗು ಒಮ್ಮೆಲೇ ನಿಂತರೆ ಅವನು ಅದನ್ನು ಹುಡುಕುತ್ತಾನೆ. ಮೊದಲಿಗಿಂತ ಜೋರಾಗಿ ಹೊಡೆಯುತ್ತಾನೆ. ಕೆಲವು ವಾರ ಬಹಳ ಕಷ್ಟವಾಗುತ್ತದೆ. ಕೋಳಿಯ ಕಾಲಿಗೆ ಕಟ್ಟುವ ಕತ್ತಿಗಳನ್ನು ಮನೆಯಿಂದ ಹೊರಗೆ ಹಾಕಲು ನಿಮ್ಮ ಅಣ್ಣನಿಗೆ ಹೇಳಿದ್ದೇನೆ. ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಪತ್ರೊಡೆ ಮಾತ್ರ ಕಟ್ಟಿ ಕೊಟ್ಟರು.

ವಿಶ್ವಾಸದಿಂದ,
ಶರಣ್ಯಾ

*

ಪಾಣೆಮಂಗಳೂರು
23 ಫೆಬ್ರವರಿ 2024

ಸ್ವರ್ಣ,

ನಿನ್ನ ಮೇಡಂ ನನ್ನನ್ನು ಹುಡುಗನಿಗೆ ಹೊಡೆತ ಕಲಿಸುವ ಮಾಸ್ಟ್ರು ಮಾಡಿದ್ದಾರೆ. ನೀನು ಕಳಿಸಿದ ಅವರ ಕಾಗದ ಓದಿ ನನಗೆ ಮೈ ಉರಿದುಹೋಯಿತು. ನಿನ್ನ ಅತ್ತಿಗೆಗೆ ಹೇಳಿದೆ, "ನೋಡು, ಹುಡುಗನನ್ನು ನಾನು ಕೋಳಿ ಸಾಕಿದ ಹಾಗೆ ಸಾಕಿದ್ದೇನಂತೆ."

ಅವಳು ತುಟಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. "ಮೇಡಂ ಹಾಗೆ ಎಲ್ಲಿ ಬರೆದಿದ್ದಾರೆ? ಕೋಳಿ ಅಂತ ಹೇಳಿದ್ದು ನೀವು" ಅಂದಳು.

ಅದಾಗಿ ಮೂರನೆಯ ದಿನ ಕತ್ತಿಗಳನ್ನು ಬಟ್ಟೆಯಲ್ಲಿ ಸುತ್ತಿ ಶುಕೂರನ ಅಂಗಡಿಯಲ್ಲಿ ಇಟ್ಟು ಬಂದೆ. ಗೆಳೆಯರಿಗೆ ಅಂಗಳಕ್ಕೆ ಬರಬೇಡಿ ಅಂದೆ.

ನಗದೆ ಇರುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ. ನನ್ನ ಮುಖ ಅದಕ್ಕೆ ಆಗಿಬಂದದ್ದಲ್ಲ. ಶಾಲೆಯಲ್ಲಿ ಏಳನೆಯ ಕ್ಲಾಸಿನವರೆಗೂ ನಗುವುದಕ್ಕೇ ಪೆಟ್ಟು ತಿಂದವನು ನಾನು. ಕೊನೆಗೆ ಒಂದು ಉಪಾಯ ಮಾಡಿದೆ. ಹುಡುಗನ ಕುತ್ತಿಗೆಯ ನರ ಎದ್ದ ಕೂಡಲೇ ಬಾಯಿಗೆ ಎಲೆಯಡಿಕೆ ತುರುಕುವುದು. ಬಾಯಿ ತುಂಬ ರಸ ಇದ್ದರೆ ನಗಲೂ ಆಗುವುದಿಲ್ಲ, ಬೈಯಲೂ ಆಗುವುದಿಲ್ಲ. ಇದನ್ನು ಮೇಡಂಗೆ ಹೇಳಿದೆ, ಹೌದು, ಮಾತು ಬಿಟ್ಟವನೇ ಹೋಗಿ ಹೇಳಿದೆ. ಅವರು ನಕ್ಕರು. ಅವರಿಗೆ ನಗಲು ಬರುತ್ತದೆ ಅಂತ ಅವತ್ತೇ ಗೊತ್ತಾದದ್ದು.

ಆದರೆ ಅವರು ಹೇಳಿದ್ದು ನಿಜವಾಯಿತು. ಹುಡುಗ ನಗು ಹುಡುಕಿಕೊಂಡು ಮನೆಯನ್ನೇ ಒಡೆದ. ಕನ್ನಡಿ, ಮಡಕೆ, ಹಂಚು. ಗುದ್ದುತ್ತಾನೆ, ನನ್ನ ಮುಖ ನೋಡುತ್ತಾನೆ, ಇನ್ನೂ ಜೋರಾಗಿ ಗುದ್ದುತ್ತಾನೆ. ಹಣೆಯನ್ನು ಗೋಡೆಗೆ ಚಚ್ಚಿಕೊಂಡ. ನಾನು ಗೋಡೆಗೂ ಹಣೆಗೂ ನಡುವೆ ನನ್ನ ಅಂಗೈ ಇಟ್ಟೆ, ಅದು ಬಾತು ಬನ್ನಿನ ಹಾಗಾಗಿದೆ. ನಮ್ಮ ಮೈಯಲ್ಲೆಲ್ಲ ನೀಲಿ. ರಕ್ತ ಮಾತ್ರ ಬರಲು ಬಿಟ್ಟಿಲ್ಲ. ಅವನ ಉಗುರನ್ನು ವಾರಿಜಾ ದಿನಾ ಕತ್ತರಿಸುತ್ತಾಳೆ.

ಮೊನ್ನೆ ಬುಧವಾರ ಬೊಳ್ಳೆಯನ್ನು ಹಿಡಿದ. ನಾನು ಬಾವಿಯ ಹತ್ತಿರ ಇದ್ದೆ. ಎರಡು ಕಾಲು ಹಿಡಿದು, ಬಟ್ಟೆ ಒಗೆದ ಹಾಗೆ, ಜಗಲಿಯ ಕಂಬಕ್ಕೆ ಬಡಿದ. ಮತ್ತೆ ಬಡಿದ. ನಾನು ಓಡಿ ಬರುವಾಗ ಅವನ ಕೈಯಲ್ಲಿ ಹುಂಜದ ಕಾಲು ಮಾತ್ರ ಸರಿ ಇತ್ತು. ಬಿಳಿ ಗರಿ ಅವನ ಮುಖಕ್ಕೆಲ್ಲ ಅಂಟಿತ್ತು. ಅದನ್ನು ನನ್ನ ಕಾಲಬುಡಕ್ಕೆ ಎಸೆದು ನನ್ನ ಮುಖ ನೋಡಿದ. ಅಂಕದಲ್ಲಿ ಬೊಳ್ಳೆ ಗೆದ್ದಾಗ ನಾನು ಹೇಗೆ ಕುಣಿಯುತ್ತಿದ್ದೆ ಅಂತ ಅವನು ನೋಡಿದ್ದ. ಈಗ ತಾನು ಗೆದ್ದಿದ್ದೇನೆ ಅನ್ನುವ ಹಾಗೆ ನಿಂತಿದ್ದ.

ನಾನು ಕೈ ಎತ್ತಿದೆ ಸ್ವರ್ಣ. ಮುಂದಿನದ್ದನ್ನು ಬರೆಯುವುದಿಲ್ಲ.

ಶೇಖರ

ಸ್ವರ್ಣಕ್ಕ, ಇದು ಅಬ್ದುಲ್ ಶುಕೂರ್ ಬರೆಯುವುದು. ಫೋಟೋ ತೆಗೆಯುವಾಗ ಅಡಿಯಲ್ಲಿ ಜಾಗ ಇತ್ತು. ಇವರು ಬರೆಯದೆ ಬಿಟ್ಟರೆ ನೀವು ಬೇರೆ ಏನಾದರೂ ಗ್ರಹಿಸಬಹುದು. ಅವತ್ತು ನಾನು ಅಂಗಳದಲ್ಲೇ ಇದ್ದೆ. ಇವರು ಹುಡುಗನಿಗೆ ಹೊಡೆಯಲಿಲ್ಲ. ತಿರುಗಿ ಆ ಕಂಬಕ್ಕೆ ಗುದ್ದಿದರು. ಎರಡು ಬೆರಳು ಮುರಿದಿದೆ. ಈ ಕಾಗದ ಎಡಗೈಯಲ್ಲಿ ಬರೆದದ್ದು, ಅಕ್ಷರ ನೋಡಿದರೆ ಗೊತ್ತಾಗುತ್ತದೆ.

*

ಮಸ್ಕತ್
20 ಮಾರ್ಚ್ 2024

ಅಣ್ಣಾ,

ಕೋಳಿಯ ಸುದ್ದಿ ಬೆಳ್ತಂಗಡಿಗೆ ಮುಟ್ಟಿದೆ. ಇವತ್ತು ಕೋಳಿ, ನಾಳೆ ಮನುಷ್ಯ ಅಂತ ಅವರು ಫೋನಿನಲ್ಲಿ ಹೇಳಿದರು. ಬಿಸು ಹಬ್ಬದ ದಿನ ನಿಮ್ಮ ಮನೆಗೆ ಬರುತ್ತಾರಂತೆ, ಹುಡುಗನನ್ನು ಕಣ್ಣಾರೆ ನೋಡಲು. ಜೊತೆಗೆ ಕುಶಾಲಪ್ಪ ಅಂತ ಒಬ್ಬರು. ಹೋಮಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ಅವರ ಕೆಲಸ. ಅವನು ಅವತ್ತು ಯಾರಿಗಾದರೂ ರಕ್ತ ಬರಿಸಿದರೆ ಅದೇ ಜೀಪಿನಲ್ಲಿ ಒಯ್ಯುತ್ತಾರೆ.

ತನ್ನನ್ನು ಕಟ್ಟಿದವರನ್ನು ಎದುರಿಗೆ ಕಂಡರೆ ಅವನು ಸುಮ್ಮನೆ ಕೂರುತ್ತಾನಾ?

ನನಗೆ ರಜೆ ಮೇ ತಿಂಗಳಿಗೆ ಮೊದಲು ಇಲ್ಲ. ನಿನ್ನೆ ಅಜ್ಜಿ ನನ್ನ ಕಣ್ಣಿನ ಕೆಳಗೆ ಹೊಡೆದಳು. ಏನೂ ಅನಿಸಲಿಲ್ಲ. ಆಮೇಲೆ ಕನ್ನಡಿಯಲ್ಲಿ ನೋಡಿಕೊಂಡಾಗ ನನ್ನ ಮುಖದಲ್ಲಿ ನಿಜವಾಗಿಯೂ ಏನೂ ಇರಲಿಲ್ಲ, ಅದಕ್ಕೆ ಹೆದರಿಕೆ ಆಯಿತು.

ಅವರ ಮೇಲೆ ಕೈ ಮಾಡಬೇಡಿ. ಕೇಳುತ್ತಿದ್ದೀರಾ?

ಸ್ವರ್ಣ

*

ಪಾಣೆಮಂಗಳೂರು
16 ಏಪ್ರಿಲ್ 2024

ತಂಗಿ ಸ್ವರ್ಣಲತಾ,

ಬಿಸು ಮುಗಿಯಿತು. ನಿಧಾನವಾಗಿ ಹೇಳುತ್ತೇನೆ, ಮಧ್ಯೆ ಹಾರಿ ಕೊನೆಗೆ ಹೋಗಬೇಡ. ಶುಕೂರ್, ನೀನು ಕೂಡ.

ಜಯಪ್ರಕಾಶ್ ಊಟದ ಹೊತ್ತಿಗೆ ಬಂದ. ಮೂಗು ಸ್ವಲ್ಪ ಎಡಕ್ಕೆ ತಿರುಗಿ ನಿಂತಿದೆ, ನನಗೆ ಅವನ ಮುಖವನ್ನು ನೇರ ನೋಡಲು ಕಷ್ಟವಾಯಿತು. ಕುಶಾಲಪ್ಪ ಎತ್ತಿನ ಹಾಗಿದ್ದ. ಸೊಂಟದಲ್ಲಿ ನೈಲಾನ್ ಹಗ್ಗ ಸುತ್ತಿಕೊಂಡಿದ್ದ, ಬೆಲ್ಟಿನ ಬದಲು ಅನ್ನುವ ಹಾಗೆ. ಎಲ್ಲರೂ ಊಟ ಮಾಡಿದೆವು. ಶಿಶಿರ್ ಒಳಗೆ ಅತ್ತೆಯ ಹತ್ತಿರ ಉಂಡ. ಪಾಯಸ ಎರಡು ಸಲ ಹಾಕಿಸಿಕೊಂಡ. ಇಷ್ಟರವರೆಗೆ ಒಳ್ಳೆಯದೇ.

ಊಟ ಆದ ಮೇಲೆ ಜಗಲಿಯಲ್ಲಿ ಎಲೆಯಡಿಕೆಯ ತಟ್ಟೆ ಇಟ್ಟು ಕೂತೆವು. ಹುಡುಗ ಹೊರಗೆ ಬಂದ. ಅಪ್ಪನನ್ನು ಕಂಡ. ಆಮೇಲೆ ಹಗ್ಗವನ್ನು ಕಂಡ. ಕುತ್ತಿಗೆಯ ನರ ಎದ್ದಿತು. ನಾನು ಕೂಡಲೇ ಎಲೆಯಡಿಕೆ ಬಾಯಿಗೆ ತುರುಕಿದೆ.

"ಇವನೇನಾ? ಪಾಪದ ಕರು ಹಾಗೆ ಇದ್ದಾನಲ್ಲ" ಅಂದ ಕುಶಾಲಪ್ಪ. ಹಗ್ಗದ ತುದಿಯನ್ನು ಬಿಚ್ಚಿ ಹುಡುಗನ ಮೊಣಕಾಲಿಗೆ ಟಪ್ ಅಂತ ಹೊಡೆದ. ಮತ್ತೊಮ್ಮೆ ಹೊಡೆದ. ನಾನು ಮರಿಹುಂಜದ ಎದೆಗೆ ತಿವಿಯುತ್ತಿದ್ದೆನಲ್ಲ, ಅದೇ ಕೈ, ಅದೇ ನಗು. 

ಹುಡುಗ ಹಿತ್ತಾಳೆ ಚೊಂಬನ್ನು ಎತ್ತಿದ. ಹಗ್ಗದವನ ಕಡೆ ಹೋಗಲಿಲ್ಲ, ಅಪ್ಪನ ಕಡೆ ಹೋದ. ಮೂಗಿಗೆ ಸರಿಯಾಗಿ ಬೀಸಿದ. ನಾನು ಕೈ ಅಡ್ಡ ಹಿಡಿಯುವಷ್ಟು ಹೊತ್ತು ಇರಲಿಲ್ಲ, ಮುಖ ಅಡ್ಡ ಹಿಡಿದೆ. ಚೊಂಬಿನ ಅಂಚು ನನ್ನ ಬಾಯಿಗೆ ಬಿತ್ತು. ಕಣ್ಣು ಕತ್ತಲೆ ಬಂತು. ಮೇಲಿನ ಎದುರು ಹಲ್ಲು ಎರಡು ಒಳಗೆ ಮಡಚಿಕೊಂಡವು, ಬಾಯಿ ಬಿಸಿ ಬಿಸಿ ತುಂಬಿಕೊಂಡಿತು.

ನಾನು ಬಾಯಿ ಮುಚ್ಚಿದೆ. ತುಟಿ ಬಿಗಿಹಿಡಿದೆ. ರಕ್ತ, ಎಲೆ, ಅಡಿಕೆ, ಹಲ್ಲು ಎಲ್ಲ ಒಳಗೆ.

ಹುಡುಗ ನನ್ನ ಮುಖ ನೋಡಿದ. ನಾನು ಗೋಡೆ. ಅವನು ಚೊಂಬು ಬಿಸಾಡಿ ನನ್ನ ಎದೆಗೆ ಗುದ್ದಿದ, ಮತ್ತೆ ನೋಡಿದ. ಗೋಡೆ. ಹೊಟ್ಟೆಗೆ ಗುದ್ದಿದ. ರಸ ಗಂಟಲಿಗೆ ಇಳಿದು ಕೆಮ್ಮು ಬಂತು, ಕೆಮ್ಮನ್ನೂ ನುಂಗಿದೆ. ಹಿಂದಿನಿಂದ ಕುಶಾಲಪ್ಪ ಎದ್ದು ಬರುತ್ತಿದ್ದ, ಹಗ್ಗ ಬಿಚ್ಚಿಕೊಳ್ಳುವ ಸದ್ದು ಕೇಳುತ್ತಿತ್ತು. "ರಕ್ತ ಬಂತಾ, ನೋಡಿ" ಅಂತ ಅವನು ಜಯಪ್ರಕಾಶನಿಗೆ ಹೇಳಿದ.

ಆಗ ಹುಡುಗನ ಕೈ ಗಾಳಿಯಲ್ಲಿ ನಿಂತಿತು. ಮುಷ್ಟಿ ಬಿಚ್ಚಿತು. ಅಂಗೈಯನ್ನು ತನ್ನ ಎದೆಯ ಮೇಲಿಟ್ಟ.

ಮೂಡುಬಿದಿರೆಯ ಸೆಂಟರಿನಲ್ಲಿ ಮೇಡಂ ಅವನ ಕೈ ಹಿಡಿದು ಇಡಿಸುತ್ತಿದ್ದರು. ತಾನಾಗಿ ಇಟ್ಟದ್ದು ಇದೇ ಮೊದಲು. ಅವನು ಅಲ್ಲಿ ನಿಂತು ನನ್ನ ಮುಖ ಕಾಯುತ್ತಿದ್ದ ಸ್ವರ್ಣ. ಒಂದು ಉಸಿರೂ ತಡ ಮಾಡಬಾರದು ಅಂದಿದ್ದರು ಮೇಡಂ. ಬಾಯಿ ತೆರೆದರೆ ಒಳಗಿದ್ದದ್ದು ಎಲ್ಲರಿಗೂ ಕಾಣುತ್ತದೆ, ಹುಡುಗ ಜೀಪಿಗೆ. ಬಾಯಿ ತೆರೆಯದಿದ್ದರೆ ಅವನು ಸಾಕು ಅಂದದ್ದು ಯಾರಿಗೂ ಕೇಳಿಸಲಿಲ್ಲ ಅಂತಾಗುತ್ತದೆ, ಇನ್ನೊಮ್ಮೆ ಅವನು ಹೇಳುತ್ತಾನೋ ಇಲ್ಲವೋ.

ನಾನು ನಕ್ಕೆ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡದಾಗಿ ನಕ್ಕದ್ದಿಲ್ಲ. ಬಾಯಿಂದ ಎಲ್ಲ ಸುರಿಯಿತು, ಬಿಳಿ ಅಂಗಿ ಗಲ್ಲದಿಂದ ಹೊಕ್ಕುಳವರೆಗೆ ಕೆಂಪು. ಒಂದು ಹಲ್ಲು ನೆಲಕ್ಕೆ ಬಿದ್ದು ಟಿಕ್ ಅಂದಿತು. ನಾನು ಚಪ್ಪಾಳೆ ತಟ್ಟಿ ಭಲೇ ಅಂದೆ, ಹಲ್ಲಿಲ್ಲದೆ ಅದು ಬೇರೇನೋ ಆಗಿ ಕೇಳಿಸಿತು. ಹುಡುಗನನ್ನು ಎತ್ತಿದೆ. ಅವನು ಹೊಡೆಯಲಿಲ್ಲ. ನನ್ನ ಕೆಂಪು ಬಾಯಿಯನ್ನು ಬೆರಳಿನಿಂದ ಮುಟ್ಟಿ ನೋಡಿದ.

"ರಕ್ತ" ಅಂದ ಕುಶಾಲಪ್ಪ.

"ಎಲೆಯಡಿಕೆ" ಅಂದೆ ನಾನು.

ಜಯಪ್ರಕಾಶ್ ಎದ್ದು ಹತ್ತಿರ ಬಂದ. ಹುಡುಗ ನನ್ನ ತೋಳಿನಲ್ಲಿದ್ದವನು ಅಪ್ಪನನ್ನು ನೋಡಿ ನಡುಗಿದ. ಮತ್ತೆ ಅಂಗೈಯನ್ನು ಎದೆಯ ಮೇಲಿಟ್ಟ, ಈ ಸಲ ಅವನ ಕಡೆ ತಿರುಗಿ.

"ಅದೆಂತ ಅವನು ಮಾಡುವುದು?" ಅಂತ ಕೇಳಿದ ಜಯಪ್ರಕಾಶ್.

ವಾರಿಜಾ ಬಾಗಿಲಲ್ಲಿ ನಿಂತಿದ್ದಳು. "ಸಾಕು ಅಂತ. ಈಗ ಅವನಿಗೆ ಸಾಕು ಅಂತ ಹೇಳ್ಲಿಕ್ಕೆ ಬರ್ತದೆ" ಅಂದಳು.

ಜಯಪ್ರಕಾಶ್ ಹುಡುಗನ ಮಣಿಕಟ್ಟನ್ನು ನೋಡಿದ. ಹಗ್ಗದ ಗುರುತು ಇನ್ನೂ ಉಂಟು, ಬಳೆಯ ಹಾಗೆ. "ಆಗಲೂ ಇದು ಬರ್ತಿದ್ರೆ" ಅಂತ ಶುರು ಮಾಡಿ ಅಲ್ಲಿಗೇ ಬಿಟ್ಟ. ಎರಡು ಹೆಜ್ಜೆ ಹಿಂದೆ ಸರಿದ. ಸಾಕು ಅಂದರೆ ನಿಲ್ಲಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.

ಕುಶಾಲಪ್ಪ ನೆಲದಲ್ಲಿ ಹುಡುಕುತ್ತಿದ್ದ. "ಅಲ್ಲ ಸ್ವಾಮಿ, ನಾನು ಸರಿಯಾಗಿ ನೋಡಿದ್ದೇನೆ, ಹಲ್ಲು ಬಿತ್ತು."

"ಎಲೆಯಡಿಕೆ ಅಂದ್ರಲ್ಲ ಅವರು. ನಿನಗೆ ಕಣ್ಣು ಕಾಣುದಿಲ್ವಾ? ನಡಿ, ಜೀಪು ತಿರುಗಿಸು" ಅಂದ ಜಯಪ್ರಕಾಶ್.

ಮೆಟ್ಟಿಲು ಇಳಿಯುವ ಮೊದಲು ನನ್ನ ಕಡೆ ತಿರುಗಿದ. ಅವನ ವಕ್ರ ಮೂಗು, ನನ್ನ ಬೊಚ್ಚು ಬಾಯಿ. "ಅಡಿಕೆ ಸ್ವಲ್ಪ ಗಟ್ಟಿ ಇತ್ತು ಅಲ್ವಾ ಭಾವ" ಅಂದ. ಅವನು ಕಾಲೆತ್ತಿದ ಜಾಗದಲ್ಲಿ ನನ್ನ ಹಲ್ಲು ಇತ್ತು. ಅಷ್ಟು ಹೊತ್ತೂ ಅದನ್ನು ಮೆಟ್ಟಿಕೊಂಡೇ ನಿಂತಿದ್ದ.

ಈಗ ನೋವು ಜೋರು ಉಂಟು. ಗಂಜಿ ಮಾತ್ರ ಕುಡಿಯುತ್ತೇನೆ. ಆದರೆ ನೀನು ಯಾರ ಹತ್ತಿರ ಬೇಕಾದರೂ ಹೇಳಬಹುದು, ಚೊಂಬಿನ ಪೆಟ್ಟು ತಿಂದು ನಕ್ಕವನು ನೇತ್ರಾವತಿಯ ಈ ದಡದಲ್ಲಿ ಒಬ್ಬನೇ.

ಹೆಮ್ಮೆಯಿಂದ,
ಬೊಚ್ಚು ಬಾಯಿಯ ಶೇಖರ

*

ಪಾಣೆಮಂಗಳೂರು
12 ಮೇ 2024

ತಂಗಿ ಸ್ವರ್ಣ,

ನೀನು ಬರುವ ದಿನ ಗೊತ್ತಾಯಿತು. ವಿಮಾನ ನಿಲ್ದಾಣಕ್ಕೆ ನಾನು ಶುಕೂರನ ಜೊತೆ ಬರುತ್ತೇನೆ. ಹುಡುಗ ಮನೆಯಲ್ಲಿರಲಿ, ಅಲ್ಲಿಯ ಗಲಾಟೆ ಅವನಿಗೆ ಆಗುವುದಿಲ್ಲ ಅಂತ ಮೇಡಂ ಹೇಳಿದ್ದಾರೆ. ಉಳಿದ ಕೋಳಿಗಳನ್ನು ಕೊಟ್ಟುಬಿಟ್ಟೆ. ಒಂದು ಹೇಂಟೆ ಮಾತ್ರ ಉಂಟು. ಶಿಶಿರ್ ಕಲ್ಲುಗಳನ್ನು ಜೋಡಿಸುವಾಗ ಅದು ಹಿಂದಿನಿಂದ ಕೆದಕಿ ಹಾಕುತ್ತದೆ. ಅವನು ಅದಕ್ಕೂ ಅಂಗೈ ಎದೆಗಿಟ್ಟು ತೋರಿಸುತ್ತಾನೆ. ಹೇಂಟೆಗೆ ಬುದ್ಧಿ ಇಲ್ಲ, ನಿಲ್ಲಿಸುವುದಿಲ್ಲ. ಆಗ ನಾನೇ ಹೋಗಿ ಅದನ್ನು ಎತ್ತಿಕೊಳ್ಳಬೇಕು.

ಹೊಡೆಯುವುದು ಪೂರ್ತಿ ನಿಂತಿದೆ ಅಂತ ಸುಳ್ಳು ಹೇಳುವುದಿಲ್ಲ. ಕಳೆದ ವಾರ ವಾರಿಜಳ ಭುಜಕ್ಕೆ ಕಚ್ಚಿದ. ಚರ್ಮ ಹರಿಯಲಿಲ್ಲ.

ಮುಖ್ಯ ವಿಷಯ ಈಗ ಬರೆಯುತ್ತೇನೆ, ಮೇಡಂ ಬರೆಯಿರಿ ಅಂದದ್ದಕ್ಕೇ ಈ ಕಾಗದ. ನೀನು ಅಂಗಳಕ್ಕೆ ಕಾಲಿಟ್ಟ ಕೂಡಲೇ ಅವನು ನಿನಗೆ ಹೊಡೆಯುತ್ತಾನೆ. ಜೋರಾಗಿಯೇ ಹೊಡೆಯುತ್ತಾನೆ. ಇಷ್ಟು ದಿನ ಎಲ್ಲಿದ್ದೆ ಅಂತ ಕೇಳಲು ಅವನ ಹತ್ತಿರ ಬೇರೆ ಮಾತು ಇಲ್ಲ. ನೀನು ಅಳಬಾರದು. ಅಪ್ಪಿಕೊಳ್ಳಲೂ ಹೋಗಬಾರದು. ಮುಖಕ್ಕೆ ಮಾತ್ರ ಕೈ ಅಡ್ಡ ಹಿಡಿದುಕೊಂಡು ಸುಮ್ಮನೆ ನಿಲ್ಲು. ಆ ಅಜ್ಜಿಗೆ ಸ್ನಾನ ಮಾಡಿಸುವಾಗಿನ ಮುಖ ಉಂಟಲ್ಲ ನಿನ್ನ ಹತ್ತಿರ, ಅದನ್ನು ಮಸ್ಕತ್ತಿನಲ್ಲೇ ಬಿಟ್ಟು ಬರಬೇಡ. ಸ್ವಲ್ಪ ಹೊತ್ತಿಗೆ ಬೇಕಾಗುತ್ತದೆ.

ಆಮೇಲೆ ಅವನು ಅಂಗೈಯನ್ನು ಎದೆಯ ಮೇಲಿಡುತ್ತಾನೆ. ಇಡುತ್ತಾನೆ, ನಾನು ಹೇಳುತ್ತೇನಲ್ಲ.

ಆಗ ಆ ಮುಖವನ್ನು ತೆಗೆದುಬಿಡು. ನಗಲು ಮರೆತುಹೋಗಿದ್ದರೆ ನನ್ನ ಕಡೆ ನೋಡು, ನಾನು ಎದುರಿಗೇ ಇರುತ್ತೇನೆ, ಬಾಯಿ ತೆರೆದು.

ಅಣ್ಣ,
ಶೇಖರ